ಹಳೇ ಲೆನ್ಸನ್ನು ಆನ್‌ಲೈನಲ್ಲಿ ಕೊಳ್ಳುವ ಮುನ್ನ ಮಾರುವವರನ್ನು ಪರೀಕ್ಷಿಸಿ

ಹಳೇ ಮ್ಯಾನುಯಲ್ (ಕೈಯಲ್ಲೇ ಫೋಕಸ್ ಮಾಡುವ) ಲೆನ್ಸ್ ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಎರಡರ ಮುಂದೆ ಬಂದು ನಿಲ್ಲುತ್ತಾರೆ: ಸೋವಿಯತ್ ಕಾಲದ ಹೀಲಿಯೋಸ್ 44-2 (58 ಎಂಎಂ, ಎಫ್/2) ಮತ್ತು ಜಪಾನಿನ ಸೂಪರ್ ಟಾಕುಮಾರ್ 50 ಎಂಎಂ ಎಫ್/1.4. ಎರಡೂ ಎಂ42 ತಿರುಪಿನವು (ಕ್ಯಾಮೆರಾಗೆ ತಿರುಗಿಸಿ ಕೂರಿಸುವ 42 ಎಂಎಂ ಮೌಂಟ್), ಎರಡೂ ಧಾರಾಳವಾಗಿ ತಯಾರಾದವು. ಹಾಗಾಗಿ ಅವಸರ ಬೇಡ. ಒಂದು ಕೈತಪ್ಪಿದರೆ ಇನ್ನೊಂದು ಬಂದೇ ಬರುತ್ತದೆ. "ಇದೇ ಕೊನೇ ಪೀಸು, ಇವತ್ತೇ ದುಡ್ಡು ಹಾಕಿ" ಎನ್ನುವವರ ಜೊತೆ ಮಾತು ಮುಂದುವರಿಸಬೇಡಿ.

ಮೊದಲು ನಿಮ್ಮ ಕ್ಯಾಮೆರಾ ನೋಡಿಕೊಳ್ಳಿ. ಎಂ42 ಲೆನ್ಸಿನ ಮೌಂಟಿಗೂ (ಲೆನ್ಸ್ ಕೂರುವ ಜಾಗ) ಕ್ಯಾಮೆರಾದ ಸೆನ್ಸರಿಗೂ ನಡುವೆ 45.46 ಎಂಎಂ ಅಂತರವಿರಬೇಕು. ಮಿರರ್‌ಲೆಸ್ ಬಾಡಿಗಳಲ್ಲಿ ಈ ಅಂತರ 20 ಎಂಎಂ ಆಸುಪಾಸು ಇರುವುದರಿಂದ ಅಡಾಪ್ಟರಿಗೆ (ಲೆನ್ಸನ್ನು ಬೇರೆ ಮೌಂಟಿನ ಬಾಡಿಗೆ ಜೋಡಿಸುವ ಬಳೆ) ಬೇಕಾದಷ್ಟು ಜಾಗ ಸಿಗುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಇಎಫ್ ಮೌಂಟಿನಲ್ಲಿ 44 ಎಂಎಂ, ತೆಳ್ಳನೆ ಅಡಾಪ್ಟರ್ ಸಾಕು. ನಿಕಾನ್ ಎಫ್ ಮೌಂಟಿನಲ್ಲಿ 46.5 ಎಂಎಂ ಇರುವುದರಿಂದ, ಒಳಗೆ ಗಾಜಿಲ್ಲದ ಅಡಾಪ್ಟರ್ ಹಾಕಿದರೆ ದೂರದ್ದು ಫೋಕಸ್ ಆಗುವುದೇ ಇಲ್ಲ. ಹೀಲಿಯೋಸ್ 44ಎಂ-4 ಥರದ, ಎ/ಎಂ (ಆಟೋ/ಮ್ಯಾನುಯಲ್) ಸ್ವಿಚ್ ಇಲ್ಲದ ಲೆನ್ಸಾದರೆ ಹಿಂದಿನ ಪಿನ್ನನ್ನು ಒತ್ತಿಹಿಡಿಯುವ ಅಂಚಿರುವ ಅಡಾಪ್ಟರ್ ಬೇಕು. ಇಲ್ಲದಿದ್ದರೆ ಅಪರ್ಚರ್ (ಬೆಳಕು ಬಿಡುವ ರಂಧ್ರ) ಸದಾ ತೆರೆದೇ ಇರುತ್ತದೆ, ಜನ ಅದನ್ನು ಲೆನ್ಸಿನ ದೋಷ ಅಂದುಕೊಳ್ಳುತ್ತಾರೆ.

ಇನ್ನು ಫೋಟೋಗಳು. ಮೋಸವಾಗಲಿ ನಿರ್ಲಕ್ಷ್ಯವಾಗಲಿ ಬಯಲಾಗುವುದು ಇಲ್ಲೇ. ಬಿಳೀ ಹಿನ್ನೆಲೆಯಲ್ಲಿ ಮುಂದಿನಿಂದ ಹೊಡೆದ ಚಂದದ ಫೋಟೋ ಏನನ್ನೂ ಹೇಳುವುದಿಲ್ಲ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಸ್ವಲ್ಪ ಓರೆಯಾಗಿ ತೆಗೆದ ಫೋಟೋ ಕೇಳಿ. ಆ ಬೆಳಕಿನಲ್ಲಿ ಚುಕ್ಕಿಚುಕ್ಕಿಯಾಗಿ ಕಂಡರೆ ಧೂಳು, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಜೇಡರಬಲೆಯಂತೆ ಕವಲೊಡೆದ ಎಳೆಗಳಿದ್ದರೆ ಫಂಗಸ್. ಸ್ವಲ್ಪವೇ ಇದ್ದರೆ ಬಿಚ್ಚಿ ಒರೆಸಬಹುದು, ಆದರೆ ಬಹಳ ದಿನ ಕೂತಿದ್ದರೆ ಗಾಜಿನ ಮೇಲಿನ ಕೋಟಿಂಗನ್ನು ತಿಂದು ಗುರುತು ಬಿಟ್ಟಿರುತ್ತದೆ, ಆ ಗುರುತು ಹೋಗುವುದಿಲ್ಲ. ಹಾಲು ಚೆಲ್ಲಿದಂತೆ ಮಬ್ಬಾಗಿದ್ದರೆ ಹೇಜ್. ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳ ಕಾಂಟ್ರಾಸ್ಟನ್ನು ಎಲ್ಲಕ್ಕಿಂತ ಹೆಚ್ಚು ಕೊಲ್ಲುವುದು ಇದೇ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಅಥವಾ ಗುಳ್ಳೆ ಕಂಡರೆ ಎರಡು ಗಾಜುಗಳ ನಡುವಿನ ಅಂಟು ಬಿಟ್ಟಿದೆ ಎಂದರ್ಥ. ಅಂಥದ್ದನ್ನು ರಿಪೇರಿ ಮಾಡಿಸುವ ಖರ್ಚಿಗೆ ಬೇರೆ ಲೆನ್ಸೇ ಬರುತ್ತದೆ, ಬಿಟ್ಟುಬಿಡಿ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಚಿತ್ರದಲ್ಲಿ ಬೇಗ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಹಿಂಭಾಗದ ಕ್ಲೋಸಪ್ಪನ್ನೂ ಕೇಳಿ.

ಜೊತೆಗೊಂದು ಪುಟ್ಟ ವಿಡಿಯೋ ಬೇಕು: ಫೋಕಸ್ ರಿಂಗ್ ಈ ತುದಿಯಿಂದ ಆ ತುದಿಯವರೆಗೆ ತಿರುಗಬೇಕು, ಅಪರ್ಚರ್ ತೆರೆದು ಮುಚ್ಚಬೇಕು, ಪಕ್ಕದಲ್ಲಿ ಅವತ್ತಿನ ದಿನಾಂಕ ಬರೆದ ಚೀಟಿ ಇರಬೇಕು. ಲೆನ್ಸ್ ನಿಜಕ್ಕೂ ಅವರ ಕೈಯಲ್ಲಿದೆಯೋ ಇಲ್ಲವೋ ಎಂಬುದು ಆ ಚೀಟಿಯಿಂದಲೇ ಗೊತ್ತಾಗುತ್ತದೆ. ಅಪರ್ಚರ್ ಬ್ಲೇಡಿನ ಮೇಲಿನ ಎಣ್ಣೆ ಹೀಲಿಯೋಸ್ 44-2ರಲ್ಲಿ ಅಷ್ಟೇನೂ ತೊಂದರೆಯಲ್ಲ, ಅದರ ಅಪರ್ಚರನ್ನು ಕೈಯಲ್ಲೇ ತಿರುಗಿಸುವುದು. ಟಾಕುಮಾರಿನಂಥ ಆಟೋ ಅಪರ್ಚರ್ (ಕ್ಲಿಕ್ಕಿಸುವಾಗ ತಾನೇ ಮುಚ್ಚುವ) ಲೆನ್ಸಿನಲ್ಲಿ ಎಣ್ಣೆಯಿದ್ದರೆ ಬ್ಲೇಡುಗಳು ತಟ್ಟನೆ ಮುಚ್ಚದೆ ತೆವಳುತ್ತವೆ. ಹೀಲಿಯೋಸಿನ ಸೀರಿಯಲ್ ನಂಬರಿನ ಮೊದಲೆರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ. 78 ಅಂತ ಶುರುವಾಗುವ ಲೆನ್ಸನ್ನು ಅರವತ್ತರ ದಶಕದ್ದು ಎಂದು ಬರೆದಿದ್ದರೆ ಉಳಿದ ಮಾತನ್ನೂ ಅನುಮಾನದಿಂದಲೇ ಓದಿ.

ಟಾಕುಮಾರ್ ಗಾಜು ಹಳದಿಯಾಗಿದ್ದರೆ ಹೆದರಬೇಡಿ. 50 ಎಂಎಂ ಎಫ್/1.4ರ ಏಳು ಗಾಜಿನ ಆವೃತ್ತಿಯಲ್ಲಿ ಥೋರಿಯಂ ಬೆರೆತಿದೆ, ಕಾಲ ಕಳೆದಂತೆ ಅದು ಹಳದಿಗಟ್ಟುತ್ತದೆ. ಯುವಿ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ. ಚೌಕಾಸಿಗೆ ಇದು ಒಳ್ಳೇ ಕಾರಣ, ಬಿಡಲಿಕ್ಕೆ ಕಾರಣವಲ್ಲ.

ಜಪಾನಿನ ಈಬೇ ಅಂಗಡಿಗಳಲ್ಲಿ ಶೀರ್ಷಿಕೆಯನ್ನು ನಂಬಬೇಡಿ. "ನಿಯರ್ ಮಿಂಟ್" (ಹೆಚ್ಚೂಕಡಿಮೆ ಹೊಸದು) ಎಂದು ಮೇಲೆ ಬರೆದು ಕೆಳಗೆ "ಸ್ವಲ್ಪ ಫಂಗಸ್ ಇದೆ, ಚಿತ್ರಕ್ಕೆ ತೊಂದರೆಯಿಲ್ಲ" ಎಂದಿರುವುದು ಮಾಮೂಲಿ. ಹೀಗೆ ಮೊದಲೇ ತಿಳಿಸಿದ ದೋಷಕ್ಕೆ ಆಮೇಲೆ ದೂರು ಕೊಟ್ಟರೆ ನಿಲ್ಲುವುದಿಲ್ಲ. "ಅನ್‌ಟೆಸ್ಟೆಡ್", "ಆಸ್ ಈಸ್" (ಇದ್ದದ್ದು ಇದ್ದ ಹಾಗೇ) ಎಂದಿದ್ದರೆ ಕೆಟ್ಟಿದೆ ಎಂದೇ ಲೆಕ್ಕ ಹಾಕಿ ಬೆಲೆ ಕಟ್ಟಿ. ಫೀಡ್‌ಬ್ಯಾಕಿನ ಶೇಕಡಾ ನೋಡಿ ಸುಮ್ಮನಾಗದೆ ನೆಗೆಟಿವ್ ಮತ್ತು ನ್ಯೂಟ್ರಲ್ ಅಭಿಪ್ರಾಯಗಳನ್ನು ತೆರೆದು ಓದಿ. ಪಾರ್ಸೆಲ್ ತಡವಾಯಿತೆಂಬ ದೂರು ಬೇರೆ, ಹೇಳದ ಫಂಗಸ್ ಸಿಕ್ಕಿತೆಂಬ ದೂರು ಬೇರೆ. ಮೊಬೈಲ್ ಕವರ್ ಮಾರಿ ಗಳಿಸಿದ ನೂರು ಒಳ್ಳೇ ಮಾತಿಗೆ ಲೆನ್ಸಿನ ವಿಷಯದಲ್ಲಿ ಬೆಲೆಯಿಲ್ಲ. ದರ ತಿಳಿಯಲು "ಸೋಲ್ಡ್ ಐಟಮ್ಸ್" ಫಿಲ್ಟರ್ ಹಾಕಿ. ಕೇಳುವ ಬೆಲೆ ಎಷ್ಟು ಬೇಕಾದರೂ ಇರಬಹುದು, ನಿಜವಾಗಿ ಮಾರಾಟವಾದ ಬೆಲೆಯೇ ಲೆಕ್ಕ.

ಭಾರತಕ್ಕೆ ತರಿಸುವುದಾದರೆ ಶಿಪ್ಪಿಂಗ್ ಸೇರಿದ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), ಕೊರಿಯರ್‌ನವರ ಶುಲ್ಕ ಎಲ್ಲ ಬೀಳುತ್ತವೆ. ಬಳಸಿದ ವಸ್ತುಗಳ ಆಮದಿಗೆ ನಿರ್ಬಂಧವಿರುವುದರಿಂದ ಪಾರ್ಸೆಲ್ ತಡೆಯುವ ಸಾಧ್ಯತೆಯೂ ಇದೆ. "ಗಿಫ್ಟ್ ಎಂದು ಬರೆದು ಕಳಿಸುತ್ತೇನೆ" ಎನ್ನುವ ಮಾರಾಟಗಾರರಿಗೆ ಬೇಡವೆನ್ನಿ. ಅದು ಸುಳ್ಳು ಘೋಷಣೆ, ಮೇಲಾಗಿ 5,000 ರೂಪಾಯಿವರೆಗಿನ ಗಿಫ್ಟಿಗಿದ್ದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಹೀಗಾಗಿ ಅಗ್ಗದ ಹೀಲಿಯೋಸಿಗೆ ಇಲ್ಲಿನ ಮಾರಾಟಗಾರರನ್ನೇ ಹುಡುಕುವುದು ಮೇಲು. ಒಂದೇ ಊರಿನವರಾದರೆ ಕ್ಯಾಮೆರಾ, ಅಡಾಪ್ಟರ್, ಟಾರ್ಚ್ ಹಿಡಿದುಕೊಂಡು ಹೋಗಿ, ನೋಡಿದ ಮೇಲೆ ದುಡ್ಡು ಕೊಡಿ. ಪರಿಚಯವಿಲ್ಲದವರಿಗೆ ಯುಪಿಐನಲ್ಲಿ ಮುಂಗಡ ಹಾಕಿದರೆ ವಾಪಸ್ ಪಡೆಯುವ ದಾರಿ ಇಲ್ಲವೆಂದೇ ತಿಳಿಯಿರಿ. ಪೇಪಾಲ್‌ನ "ಫ್ರೆಂಡ್ಸ್ ಅಂಡ್ ಫ್ಯಾಮಿಲಿ" ಪಾವತಿಗೂ ಖರೀದಿ ರಕ್ಷಣೆ ಇಲ್ಲ.

ಪಾರ್ಸೆಲ್ ಬಂದಾಗ ವಿಳಾಸದ ಚೀಟಿಯಿಂದ ಹಿಡಿದು ಸೀರಿಯಲ್ ನಂಬರಿನವರೆಗೆ ಎಲ್ಲೂ ನಿಲ್ಲಿಸದೆ ವಿಡಿಯೋ ಮಾಡಿ. ಅದೇ ದಿನ ಟಾರ್ಚ್ ಪರೀಕ್ಷೆ ಮುಗಿಸಿ. ಆಮೇಲೆ ಕ್ಯಾಮೆರಾವನ್ನು ಟ್ರೈಪಾಡಿಗೇರಿಸಿ ದೂರದ ಕಟ್ಟಡವೊಂದನ್ನು ಪೂರ್ತಿ ತೆರೆದ ಅಪರ್ಚರಿನಲ್ಲೂ ಎಫ್/8ರಲ್ಲೂ ತೆಗೆಯಿರಿ. ಎಫ್/8ರಲ್ಲೂ ಒಂದೇ ಮೂಲೆ ಮಸುಕಾಗಿದ್ದರೆ ಗಾಜು ಓರೆಯಾಗಿದೆ, ಅಥವಾ ಅಡಾಪ್ಟರ್ ಸೊಟ್ಟಗಿದೆ. ಬೇರೆ ಅಡಾಪ್ಟರ್ ಹಾಕಿ ನೋಡಿ. ರಿಂಗ್ ಇನ್ಫಿನಿಟಿ ಗುರುತು ಮುಟ್ಟುವ ಮೊದಲೇ ಕಟ್ಟಡ ಫೋಕಸ್ಸಾದರೆ ಅದು ಅಡಾಪ್ಟರ್ ತುಸು ತೆಳ್ಳಗಿರುವುದರಿಂದ, ಲೆನ್ಸಿನ ತಪ್ಪಲ್ಲ. ಈಬೇಯಲ್ಲಿ ವಿವರಣೆಗೆ ಹೊಂದದ ವಸ್ತುವಿನ ಬಗ್ಗೆ ದೂರು ಕೊಡಲು ಡೆಲಿವರಿಯಾದ ದಿನದಿಂದ 30 ದಿನ ಸಿಗುತ್ತದೆ, ಮಾರುವವರು "ನೋ ರಿಟರ್ನ್ಸ್" ಎಂದಿದ್ದರೂ ಕೂಡ. ಅಲ್ಲಿಯವರೆಗೆ ಲೆನ್ಸನ್ನು ಬಿಚ್ಚಲು ಹೋಗಬೇಡಿ, ಡಬ್ಬವನ್ನೂ ಎಸೆಯಬೇಡಿ.