ಲೋಡ್ ಏರಿದರೂ ಹಿಂದಿನ ರಸ್ತೆ ಕಾಣಬೇಕು: ಪಿಕಪ್‌ಗೆ ಹೊಸ ಸೈಡ್ ಮಿರರ್ ಹಾಕುವುದು ಹೇಗೆ?

ಟೊಮೇಟೊ ಸೀಸನ್‌ನಲ್ಲಿ ಕೋಲಾರದ ಎಪಿಎಂಸಿ ಯಾರ್ಡ್‌ಗೆ ಬೆಳಿಗ್ಗೆ ಹೋಗಿ ನೋಡಿ. ಎಲ್ಲಿ ನೋಡಿದರೂ ಪಿಕಪ್‌ಗಳ ಸಾಲು. ಕ್ಯಾಬಿನ್‌ಗಿಂತ ಎತ್ತರಕ್ಕೆ ಕ್ರೇಟ್ ಜೋಡಿಸಿ, ಮೇಲೆ ಹಗ್ಗ ಬಿಗಿದಿರುತ್ತಾರೆ. ಒಳಗಿನ ಕನ್ನಡಿಯಲ್ಲಿ ಕ್ರೇಟ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಿಂದೆ ಏನಿದೆ ಅಂತ ತಿಳಿಯಲು ಎಡ ಬಲದ ಎರಡು ಕನ್ನಡಿಗಳೇ ಗತಿ.

ಅಂಥದ್ದೇ ಒಂದು ಬೆಳಿಗ್ಗೆ ನಾನು ರಿವರ್ಸ್ ತೆಗೆಯುತ್ತಿದ್ದೆ. ಎಡಗಡೆಯ ಕನ್ನಡಿಯಲ್ಲಿ ನನ್ನದೇ ಟಾರ್ಪಾಲ್ ಕಾಣುತ್ತಿತ್ತು. ಯಾರೋ ಗಾಡಿಯ ಬಾಡಿಗೆ ಜೋರಾಗಿ ತಟ್ಟಿದರು. ಬ್ರೇಕ್ ಒತ್ತಿ ಇಳಿದು ನೋಡಿದರೆ, ಹಿಂದಿನ ಚಕ್ರಕ್ಕೆ ಒಂದು ಮೊಳ ದೂರದಲ್ಲಿ ಹುಡುಗನೊಬ್ಬ ಬಗ್ಗಿ ಕೆಳಗೆ ಬಿದ್ದ ಹಣ್ಣು ಆರಿಸುತ್ತಿದ್ದ. ಅವನಿಗೆ ಏನೂ ಆಗಲಿಲ್ಲ. ಆದರೆ ಊರು ಸೇರುವ ತನಕ ನನ್ನ ಕೈ ನಡುಗುತ್ತಲೇ ಇತ್ತು. ಆ ವಾರವೇ ಎರಡೂ ಕನ್ನಡಿ ಬದಲಿಸಿದೆ. ಆಮೇಲೆ ನಮ್ಮಣ್ಣನ ಗಾಡಿಗೆ, ಊರಿನ ಇನ್ನೂ ನಾಲ್ಕು ಗಾಡಿಗಳಿಗೆ ನಾನೇ ಹಾಕಿಕೊಟ್ಟಿದ್ದೇನೆ. ಒಂದು ಗಂಟೆಯ ಕೆಲಸ. ಆದರೆ ಆ ಒಂದು ಗಂಟೆಗೆ ಮೊದಲು ಸರಿಯಾದ ಕನ್ನಡಿ ಆರಿಸಿಕೊಳ್ಳಬೇಕು. ಹೆಚ್ಚಿನವರು ತಪ್ಪುವುದು ಅಲ್ಲೇ.

ಮೊದಲು ದಾರ ಹಿಡಿಯಿರಿ

ನಮ್ಮಲ್ಲಿ ಎಷ್ಟೋ ಪಿಕಪ್‌ಗಳು ಬರೀ ಕ್ಯಾಬಿನ್ ಮತ್ತು ಚಾಸಿ ಆಗಿ ಬರುತ್ತವೆ. ಬಾಡಿಯನ್ನು ಆಮೇಲೆ ಹೊರಗೆ ಕಟ್ಟಿಸುತ್ತೇವೆ. ಬಾಡಿ ಕ್ಯಾಬಿನ್‌ಗಿಂತ ಅಗಲವಾಗಿರುತ್ತದೆ. ಕನ್ನಡಿ ಮಾತ್ರ ಹಳೆಯ ಜಾಗದಲ್ಲೇ ಉಳಿಯುತ್ತದೆ. ಎಷ್ಟು ತಿರುಗಿಸಿದರೂ ಹಿಂದಿನದು ಕಾಣುವುದಿಲ್ಲ ಎಂದು ಬೈದುಕೊಳ್ಳುತ್ತೇವೆ. ಕನ್ನಡಿ ಬಾಡಿಯ ಮರೆಯಲ್ಲಿದ್ದರೆ ತಿರುಗಿಸಿ ಏನು ಪ್ರಯೋಜನ?

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಉದ್ದನೆಯ ದಾರ ತಗೊಳ್ಳಿ. ಬಾಡಿಯ ಹಿಂದಿನ ಮೂಲೆಯಲ್ಲಿ, ಎಲ್ಲಕ್ಕಿಂತ ಹೊರಗೆ ಚಾಚಿರುವ ಜಾಗಕ್ಕೆ ಒಂದು ತುದಿ ಕಟ್ಟಿ. ಬಾಡಿಗೆ ತಾಗಿಸಿಕೊಂಡೇ ಮುಂದಕ್ಕೆ ಎಳೆದು, ಕನ್ನಡಿ ದಾಟುವ ತನಕ ನೇರವಾಗಿ ಹಿಡಿಯಿರಿ. ಈಗ ದಾರ ಕನ್ನಡಿಯ ಎಲ್ಲಿ ಹಾದುಹೋಗುತ್ತದೆ ನೋಡಿ. ದಾರದ ಹೊರಗೆ ಇರುವ ಗಾಜು ಮಾತ್ರ ನಿಮಗೆ ಹಿಂದಿನ ರಸ್ತೆಯನ್ನು ನೇರವಾಗಿ ತೋರಿಸುತ್ತದೆ. ಒಳಗೆ ಇರುವ ಗಾಜು ಬಾಡಿಯನ್ನೇ ತೋರಿಸುತ್ತದೆ. ನನ್ನ ಹಳೆಯ ಕನ್ನಡಿಯ ಹೊರ ಅಂಚು ದಾರಕ್ಕಿಂತ ಒಂದು ಬೆರಳು ಒಳಗೇ ಇತ್ತು! ಎರಡು ವರ್ಷ ಹಾಗೇ ಓಡಿಸಿದ್ದೆ.

ಗಾಜಿನ ಅರ್ಧಕ್ಕಿಂತ ಜಾಸ್ತಿ ಭಾಗ ದಾರದ ಹೊರಗೆ ಬರಬೇಕು. ಕನ್ನಡಿಯನ್ನು ಹಿಡಿದಿರುವ ಪೈಪು, ಅಂದರೆ ಕನ್ನಡಿಯ ಕೈ, ಎಷ್ಟು ಉದ್ದ ಬೇಕು ಎಂದು ಇದರಿಂದಲೇ ಗೊತ್ತಾಗುತ್ತದೆ. ಹಾಗಂತ ಸಿಕ್ಕಾಪಟ್ಟೆ ಉದ್ದದ್ದು ಬೇಡ. ಕೈ ಉದ್ದ ಆದಷ್ಟೂ ನಡುಕ ಜಾಸ್ತಿ, ಹಳ್ಳಿ ರಸ್ತೆಯಲ್ಲಿ ಜಾಲಿ ಕೊಂಬೆಗೆ, ಎದುರು ಬರುವ ಟ್ರ್ಯಾಕ್ಟರಿಗೆ ತಗಲುವುದೂ ಜಾಸ್ತಿ. ಒಂದೇ ಪೈಪಿನ ಕೈಗಿಂತ, ಮೇಲೊಂದು ಕೆಳಗೊಂದು ಹಿಡಿತ ಇರುವ ಕೈ ಒಳ್ಳೆಯದು. ಗಾಜು ಅದುರುವುದಿಲ್ಲ. ಏನಾದರೂ ತಗಲಿದರೆ ಹಿಂದಕ್ಕೆ ಮಡಚಿಕೊಳ್ಳುವಂಥದ್ದನ್ನೇ ಕೇಳಿ.

ಇನ್ನೊಂದು ಮಾತು. ದಾರ ಕಟ್ಟಬೇಕಾದ್ದು ಬಾಡಿಯ ಅಂಚಿಗೆ, ಹೊರಗೆ ಉಬ್ಬಿದ ಲೋಡಿಗೆ ಅಲ್ಲ. ಲೋಡು ಬಾಡಿಯ ಪಕ್ಕಕ್ಕೆ ಚಾಚುವಂತೆಯೇ ಇಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೆ 20,000 ರೂಪಾಯಿ ದಂಡ ಇದೆ. ಉದ್ದನೆಯ ಕನ್ನಡಿ ಹಾಕಿದ್ದೇವೆ ಎಂದು ಅಗಲಕ್ಕೆ ಲೋಡ್ ಮಾಡಬೇಡಿ.

ಗಾಜು ಚಪ್ಪಟೆಯೋ, ಉಬ್ಬೋ?

ಕೈ ಆಯ್ತು, ಇನ್ನು ಗಾಜು. ಚಪ್ಪಟೆ ಗಾಜಿನಲ್ಲಿ ದೂರ ಇದ್ದಂತೆಯೇ ಕಾಣುತ್ತದೆ, ಆದರೆ ಕಾಣುವ ಜಾಗ ಕಡಿಮೆ. ಉಬ್ಬು ಗಾಜಿನಲ್ಲಿ ಅಗಲವಾಗಿ ಕಾಣುತ್ತದೆ, ಆದರೆ ಎಲ್ಲವೂ ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿರುವ ಹಾಗೆ ಕಾಣುತ್ತದೆ. ಲೋಡು ಹೊರುವ ಗಾಡಿಗೆ ನನ್ನ ಮತ ಉಬ್ಬು ಗಾಜಿಗೇ.

ಯಾವುದು ಎಂದು ಕಂಡುಹಿಡಿಯುವುದು ಸುಲಭ. ಮಕ್ಕಳ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಗಾಜಿಗೆ ಅಡ್ಡಲಾಗಿ ಇಡಿ. ಉದ್ದಕ್ಕೂ ಕೂತರೆ ಚಪ್ಪಟೆ. ನಡುವೆ ಮಾತ್ರ ತಾಗಿ, ಎರಡೂ ತುದಿಯಲ್ಲಿ ಸಂದು ಕಂಡರೆ ಉಬ್ಬು. ಕೆಲವು ಗಾಜಿನ ಮೂಲೆಯಲ್ಲಿ ಎಸ್‌ಆರ್ 1200, ಎಸ್‌ಆರ್ 1400 ಎಂದು ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಆ ಉಬ್ಬನ್ನು ಪೂರ್ತಿ ಒಂದು ಚೆಂಡು ಮಾಡಿದರೆ ಅದರ ತ್ರಿಜ್ಯ ಎಷ್ಟು ಮಿಲಿಮೀಟರ್ ಎಂಬ ಲೆಕ್ಕ ಅದು. ಅಂಕಿ ಚಿಕ್ಕದಾದಷ್ಟೂ ಉಬ್ಬು ಜಾಸ್ತಿ, ವಸ್ತು ಇನ್ನೂ ಚಿಕ್ಕದು. ಎಡ ಬಲ ಎರಡಕ್ಕೂ ಒಂದೇ ಅಂಕಿಯದ್ದು ತಗೊಳ್ಳಿ. ಇಲ್ಲದಿದ್ದರೆ ಒಂದೇ ಬಸ್ಸು ಬಲಗಡೆ ಹತ್ತಿರ, ಎಡಗಡೆ ದೂರ ಇರುವಂತೆ ಕಂಡು ಲೆಕ್ಕ ತಪ್ಪುತ್ತದೆ.

ಅಂಗಡಿಯಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ಕನ್ನಡಿಯಲ್ಲಿ ಎದುರಿನ ಲೈಟ್ ಕಂಬ ನೋಡುತ್ತಾ ತಲೆಯನ್ನು ನಿಧಾನಕ್ಕೆ ಆಚೀಚೆ ಆಡಿಸಿ. ಕಂಬ ಹಾವಿನಂತೆ ನುಲಿದರೆ ಆ ಗಾಜು ಬೇಡ. ರಾತ್ರಿ ಹಿಂದಿನ ಗಾಡಿಯ ಹೆಡ್‌ಲೈಟು ಅದರಲ್ಲಿ ಕದಡಿಹೋಗುತ್ತದೆ.

ಅಂಗಡಿಗೆ ಹೋಗುವಾಗ ಹಳೆಯ ಕನ್ನಡಿಯನ್ನೇ ಬಿಚ್ಚಿಕೊಂಡು ಹೋಗುವುದು ಬೇಡ, ಕನ್ನಡಿ ಇಲ್ಲದೆ ಓಡಿಸಿದ ಹಾಗಾಗುತ್ತದೆ. ಬದಲಿಗೆ ಅಳತೆ ಬರೆದುಕೊಳ್ಳಿ. ಬೋಲ್ಟಿನ ನಡುವಿನಿಂದ ಬೋಲ್ಟಿನ ನಡುವಿಗೆ ಎಷ್ಟು, ಕ್ಲ್ಯಾಂಪ್ ಕೂರುವ ಪೈಪಿನ ದಪ್ಪ ಎಷ್ಟು, ಗಾಜಿನ ಎತ್ತರ ಅಗಲ ಎಷ್ಟು. ಗಾಡಿಯ ಮಾಡೆಲ್ ಮತ್ತು ವರ್ಷವೂ ಬೇಕು. ಟಾಟಾ ಏಸ್, ಬೊಲೆರೊ ಪಿಕಪ್, ದೋಸ್ತ್ ಎಂದಷ್ಟೇ ಹೇಳಿದರೆ ಸಾಲದು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಬ್ರಾಕೆಟ್ ಬಂದಿರುತ್ತವೆ. ಫೋನಿನಲ್ಲಿ ನಾಲ್ಕು ಫೋಟೊ ಇದ್ದರೆ ಅಂಗಡಿಯವರಿಗೂ ಸುಲಭ. ಬೆಂಗಳೂರಿಗೆ ಬರುವವರಾದರೆ ಜೆ.ಸಿ. ರಸ್ತೆಯಲ್ಲಿ ನಾಲ್ಕಾರು ಅಂಗಡಿ ಹತ್ತಿ ಇಳಿದು, ಕೈಯಲ್ಲಿ ಹಿಡಿದು ನೋಡಿ ತರಬಹುದು.

ಬಿಚ್ಚುವಾಗ ಅವಸರ ಬೇಡ

ಬೇಕಾದ ಸಾಮಾನು ಇಷ್ಟೇ: 10, 12, 13 ನಂಬರ್ ಸ್ಪ್ಯಾನರ್, ಒಂದು ಸ್ಟಾರ್ ಸ್ಕ್ರೂ ಡ್ರೈವರ್, ತುಕ್ಕು ಬಿಡಿಸುವ ಸ್ಪ್ರೇ, ತಂತಿ ಬ್ರಷ್, ಹಳೆ ಬಟ್ಟೆ, ಸ್ವಲ್ಪ ಗ್ರೀಸ್. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ. ಹಳೆ ಗಾಜು ಒಡೆದಿದ್ದರೆ ಮೊದಲು ಅದರ ಮೇಲೆ ಅಡ್ಡ ಉದ್ದ ಟೇಪ್ ಅಂಟಿಸಿ, ಕೈಗೆ ಗ್ಲೌಸ್ ಹಾಕಿ.

ಕೈ ಇರುವ ಕನ್ನಡಿಯಾದರೆ ಬೋಲ್ಟುಗಳು ಹೊರಗೇ ಕಾಣುತ್ತವೆ. ಮಳೆ, ಧೂಳು ತಿಂದು ಅವು ಕಚ್ಚಿಕೊಂಡಿರುತ್ತವೆ. ಬ್ರಷ್‌ನಲ್ಲಿ ತಿಕ್ಕಿ, ಸ್ಪ್ರೇ ಹೊಡೆದು, ಟೀ ಕುಡಿದು ಬನ್ನಿ. ಹದಿನೈದು ನಿಮಿಷ ಬಿಟ್ಟರೆ ಎಣ್ಣೆ ಬೋಲ್ಟಿನ ಮರೆಗೆ, ಅಂದರೆ ಅದರ ಸುತ್ತು ಗೆರೆಗಳಿಗೆ, ಇಳಿಯುತ್ತದೆ. ಬಂದವರು ಬಿಚ್ಚುವ ಕಡೆಗೆ ಒಮ್ಮೆಲೇ ತಿರುಗಿಸಬೇಡಿ. ಮೊದಲು ಬಿಗಿಯುವ ಕಡೆಗೆ ಒಂದು ಚೂರು ಒತ್ತಿ. ಟಿಕ್ ಎಂದು ತುಕ್ಕು ಬಿಟ್ಟ ಸದ್ದು ಕೇಳುತ್ತದೆ. ಆಮೇಲೆ ಬಿಚ್ಚಿ. ಮತ್ತೆ ಬಿಗಿಯಾದರೆ ಹಿಂದಕ್ಕೆ ಮುಂದಕ್ಕೆ ಆಡಿಸುತ್ತಾ ತನ್ನಿ. ಬಲ ಹಾಕಿ ಎಳೆದರೆ ಬೋಲ್ಟು ಮುರಿದು ಅರ್ಧ ಒಳಗೇ ಉಳಿಯುತ್ತದೆ. ಆಗ ಡ್ರಿಲ್ ಹಿಡಿದು ಗ್ಯಾರೇಜಿನವರು ಬರಬೇಕು, ಒಂದು ದಿನದ ಬಾಡಿಗೆ ಹೋಯಿತು.

ಕೊನೆಯ ಬೋಲ್ಟು ಬಿಚ್ಚುವಾಗ ಕನ್ನಡಿಯನ್ನು ಒಬ್ಬರು ಹಿಡಿದುಕೊಂಡಿರಲಿ. ಕೈ ತಿರುಗಿ ಬಾಗಿಲಿನ ಬಣ್ಣ ಗೀಚುವುದು ಆ ಒಂದು ಕ್ಷಣದಲ್ಲೇ.

ಬಾಗಿಲಿನ ಗಾಜಿನ ಮುಂದಿನ ಮೂಲೆಗೆ ಕೂರುವ ಕನ್ನಡಿಯಾದರೆ ಬೋಲ್ಟು ಒಳಗಡೆ ಇರುತ್ತದೆ. ಅಲ್ಲಿ ತ್ರಿಕೋನದ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಸ್ಕ್ರೂ ಡ್ರೈವರ್ ತುದಿಗೆ ಬಟ್ಟೆ ಸುತ್ತಿ ನಿಧಾನಕ್ಕೆ ಮೀಟಿದರೆ ಬರುತ್ತದೆ. ಒಳಗೆ ಸಾಮಾನ್ಯವಾಗಿ ಮೂರು ನಟ್ಟು ಅಥವಾ ಸ್ಕ್ರೂ ಇರುತ್ತವೆ. ಅವುಗಳ ಕೆಳಗೇ ಬಾಗಿಲಿನ ಟೊಳ್ಳು. ಒಂದು ವಾಷರ್ ಅಲ್ಲಿಗೆ ಬಿದ್ದರೆ ಬಾಗಿಲಿನ ಪ್ಯಾಡೇ ಬಿಚ್ಚಬೇಕು, ಅದಕ್ಕೇ ಮೊದಲು ಆ ಸಂದಿಗೆ ಬಟ್ಟೆ ತುರುಕಿ.

ಸ್ವಿಚ್ ಒತ್ತಿ ತಿರುಗಿಸುವ ಕರೆಂಟಿನ ಕನ್ನಡಿ, ಅಂದರೆ ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್‌ನಂಥ ಗಾಡಿಗಳದ್ದಾದರೆ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಯೇ ಕೆಲಸಕ್ಕೆ ಕೈ ಹಾಕಿ. ವೈರನ್ನು ಎಳೆಯಬೇಡಿ, ಕನೆಕ್ಟರಿನ ಕಿವಿ ಒತ್ತಿ ಬಿಡಿಸಿ. ಹೊಸ ಕನ್ನಡಿಯ ಕನೆಕ್ಟರಿನಲ್ಲಿ ಅಷ್ಟೇ ಪಿನ್ ಇವೆಯಾ ಎಂದು ಮೊದಲೇ ಎಣಿಸಿಕೊಂಡಿರಬೇಕು. ವೈರ್ ಕತ್ತರಿಸಿ ಜೋಡಿಸುವ ಸಹವಾಸಕ್ಕೆ ಹೋಗಬೇಡಿ.

ಹೊಸದನ್ನು ಕೂರಿಸುವುದು

ಹಳೆಯದು ಕೂತಿದ್ದ ಜಾಗವನ್ನು ಒರೆಸಿ. ತುಕ್ಕು ಕಂಡರೆ ಉಜ್ಜಿ ಸ್ವಲ್ಪ ಪ್ರೈಮರ್ ಹಚ್ಚಿ ಒಣಗಲು ಬಿಡಿ. ಕನ್ನಡಿಯ ಅಡಿಗೆ ರಬ್ಬರ್ ಅಥವಾ ಸ್ಪಂಜಿನ ಪ್ಯಾಡ್ ಬರುತ್ತದೆ, ಅದನ್ನು ಬಿಡಬೇಡಿ. ನೀರು ಒಳಗೆ ಇಳಿಯದಂತೆ ತಡೆಯುವುದೂ, ನಡುಕ ಹೀರುವುದೂ ಅದೇ.

ಬೋಲ್ಟಿನ ಮರೆಗೆ ಒಂದು ಚಿಟಿಕೆ ಗ್ರೀಸ್ ಹಚ್ಚಿ. ಮೊದಲ ನಾಲ್ಕೈದು ಸುತ್ತು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಮರೆ ಅಡ್ಡ ಹತ್ತಿದೆ ಎಂದರ್ಥ, ಹೊರಗೆ ತೆಗೆದು ಮತ್ತೆ ಹಾಕಿ. ಎಲ್ಲ ಬೋಲ್ಟು ಹಾಕಿದ ಮೇಲೆ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಕನ್ನಡಿ ಸೊಟ್ಟ ಕೂರುತ್ತದೆ. 10 ನಂಬರ್ ಸ್ಪ್ಯಾನರ್ ಹಿಡಿಯುವ ಬೋಲ್ಟಿಗೆ ಮಣಿಕಟ್ಟಿನ ಬಲ ಸಾಕು, ಭುಜದ ಬಲ ಬೇಡ. ಪ್ರತಿ ಬೋಲ್ಟಿಗೂ ಸ್ಪ್ರಿಂಗ್ ವಾಷರ್ ಇರಲಿ. ನಮ್ಮ ರಸ್ತೆಗಳಲ್ಲಿ ಅದಿಲ್ಲದ ನಟ್ಟು ವಾರದಲ್ಲಿ ಸಡಿಲ ಆಗುತ್ತದೆ.

ತಿರುಗಿಸಿ ನಿಲ್ಲಿಸುವುದು, ಲೋಡ್ ಇರುವಾಗ

ಎಷ್ಟೋ ಜನ ಖಾಲಿ ಗಾಡಿಯಲ್ಲಿ ಕನ್ನಡಿ ಸರಿ ಮಾಡಿ, ಲೋಡ್ ಆದ ಮೇಲೆ ಕಾಣುತ್ತಿಲ್ಲ ಅನ್ನುತ್ತಾರೆ. ಲೋಡು ಬಿದ್ದಾಗ ಹಿಂದಿನ ಪಟ್ಟಾ (ಚಕ್ರದ ಮೇಲಿನ ಸ್ಪ್ರಿಂಗ್) ಕುಸಿದು ಮೂತಿ ಮೇಲೇಳುತ್ತದೆ. ಆಗ ಕನ್ನಡಿಯ ನೋಟ ನೆಲದ ಕಡೆ ಇಳಿಯುತ್ತದೆ, ದೂರದ ರಸ್ತೆ ಮೇಲಿನಿಂದ ಜಾರಿಹೋಗುತ್ತದೆ. ಆದ್ದರಿಂದ ಲೋಡ್ ತುಂಬಿದ ದಿನವೇ ಈ ಕೆಲಸ ಮಾಡಿ.

ಮೊದಲು ನೀವು ದಿನಾ ಕೂರುವ ಹಾಗೆ ಕೂತುಕೊಳ್ಳಿ, ಬೆನ್ನು ಸೀಟಿಗೆ ತಾಗಿರಲಿ. ಕನ್ನಡಿಯ ಒಳ ಅಂಚಿನಲ್ಲಿ ಬಾಡಿಯ ಪಕ್ಕ ಒಂದು ಸಣ್ಣ ಪಟ್ಟಿಯಷ್ಟೇ ಕಾಣಬೇಕು. ಮೇಲೆ ಕೆಳಗೆ ನೋಡಿದರೆ ದೂರದ ರಸ್ತೆಯೂ ಕಾಣಬೇಕು, ಹಿಂದಿನ ಚಕ್ರ ನೆಲ ಮುಟ್ಟುವ ಜಾಗವೂ ಕಾಣಬೇಕು. ಎರಡೂ ಒಂದೇ ಗಾಜಿನಲ್ಲಿ ಸಿಗದಿದ್ದರೆ ದೊಡ್ಡ ಗಾಜನ್ನು ದೂರಕ್ಕೆ ಬಿಡಿ. ಚಕ್ರಕ್ಕೆ ಅದರ ಕೆಳಗಿನ ಹೊರ ಮೂಲೆಯಲ್ಲಿ ಒಂದು ಸಣ್ಣ ಉಬ್ಬು ಕನ್ನಡಿ ಅಂಟಿಸಿ. ಅಂಟಿಸುವ ಮೊದಲು ಗಾಜನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಎಡಗಡೆಗೆ ಇದು ಬೇಕೇ ಬೇಕು. ನಾವು ಕೂರುವುದು ಬಲಗಡೆ, ಕಾಣದ ಜಾಗ ಜಾಸ್ತಿ ಇರುವುದು ಎಡಗಡೆ. ಬೈಕಿನವರು ನುಸುಳುವುದೂ ಅಲ್ಲೇ.

ಈಗ ಇನ್ನೊಬ್ಬರನ್ನು ಕರೆಯಿರಿ. ನಾನು ನಮ್ಮ ಕ್ಲೀನರ್ ಹುಡುಗನ ಕೈಗೆ ಸುಣ್ಣದ ಕಡ್ಡಿ ಕೊಟ್ಟಿದ್ದೆ. ಎಂಜಿನ್ ಆಫ್ ಮಾಡಿ ನೀವು ಸೀಟಿನಲ್ಲಿ ಕೂತಿರಿ, ಅವರು ಗಾಡಿಯ ಸುತ್ತ ನಿಧಾನಕ್ಕೆ ನಡೆಯಲಿ. ಕನ್ನಡಿಯಿಂದ ಮಾಯವಾದ ಜಾಗದಲ್ಲಿ ಹಾರ್ನ್ ಹೊಡೆಯಿರಿ, ಅವರು ಅಲ್ಲಿ ಗೆರೆ ಎಳೆಯಲಿ. ಮತ್ತೆ ಕಂಡಾಗ ಇನ್ನೊಂದು ಗೆರೆ. ಆಮೇಲೆ ಇಳಿದು ನೆಲ ನೋಡಿ. ಎರಡು ಗೆರೆಗಳ ನಡುವೆ ಯಾರು ನಿಂತರೂ ನಿಮಗೆ ಕಾಣುವುದಿಲ್ಲ. ನಮ್ಮ ಗಾಡಿಯಲ್ಲಿ ಎಡ ಬಾಗಿಲಿನ ಪಕ್ಕ ಒಂದು ಮಂಚ ಹಾಕುವಷ್ಟು ಜಾಗ ಹಾಗೆ ಉಳಿದಿತ್ತು. ಸಣ್ಣ ಕನ್ನಡಿಯನ್ನು ಎರಡು ಸಲ ಸರಿಸಿದ ಮೇಲೆ ಅದು ಮೊಣಕೈ ಅಗಲಕ್ಕೆ ಬಂತು. ಗಾಡಿಯ ಹಿಂದೆ ನೇರಕ್ಕೆ ನಿಂತವರು ಮಾತ್ರ ಯಾವ ಸೈಡ್ ಕನ್ನಡಿಯಲ್ಲೂ ಕಾಣುವುದಿಲ್ಲ. ರಿವರ್ಸ್‌ಗೆ ಮೊದಲು ಯಾರಾದರೂ ಇಳಿದು, ಕನ್ನಡಿಯಲ್ಲಿ ನಿಮಗೆ ಕಾಣುವ ಹಾಗೆ ಹಿಂದೆ ಪಕ್ಕಕ್ಕೆ ನಿಲ್ಲಲೇಬೇಕು.

ಚಪ್ಪಟೆ ಗಾಜಿನಿಂದ ಉಬ್ಬು ಗಾಜಿಗೆ ಬಂದವರು ಮೊದಲ ವಾರ ಓವರ್‌ಟೇಕ್ ಮಾಡುವಾಗ ತಡೆದು ನೋಡಿ. ದೂರ ಇದೆ ಎಂದುಕೊಂಡ ಬಸ್ಸು ಪಕ್ಕದಲ್ಲೇ ಇರುತ್ತದೆ.

ಹಳದಿ ಬೋರ್ಡ್ ಗಾಡಿಯಾದರೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಪರೀಕ್ಷೆಯಲ್ಲೂ ಕನ್ನಡಿ ನೋಡುತ್ತಾರೆ. ಎಂಟು ವರ್ಷದ ತನಕ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಡಗಡೆಯದು ಮುರಿದು ಬರೀ ಕೈ ಉಳಿದ ಗಾಡಿಗಳು ಎಫ್‌ಸಿ ಹಿಂದಿನ ದಿನ ಅಂಗಡಿಗೆ ಓಡುವುದನ್ನು ನೋಡಿದ್ದೇನೆ. ಆ ಅವಸರದಲ್ಲಿ ಸಿಕ್ಕಿದ್ದನ್ನು ಹಾಕಿಸುತ್ತಾರೆ, ದಾರ ಹಿಡಿಯಲು ಪುರುಸೊತ್ತು ಎಲ್ಲಿ?

ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟಿಗೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹೊಸ ರಬ್ಬರ್ ಅಮುಕಿಕೊಂಡು ಕಾಲು ಸುತ್ತಾದರೂ ಸಡಿಲ ಆಗಿರುತ್ತದೆ. ಹಳೆಯ ಕನ್ನಡಿಯ ಗಾಜು ಗಟ್ಟಿ ಇದ್ದರೆ ಎಸೆಯಬೇಡಿ. ಬಟ್ಟೆ ಸುತ್ತಿ, ಅದರ ಬೋಲ್ಟುಗಳನ್ನೂ 10 ನಂಬರ್ ಸ್ಪ್ಯಾನರನ್ನೂ ಜೊತೆಗೆ ಕಟ್ಟಿ ಸೀಟಿನ ಹಿಂದೆ ಇಡಿ. ಹೊಸದು ದಾರಿಯಲ್ಲಿ ಒಡೆದರೆ ಮನೆ ಸೇರುವ ತನಕ ಅದು ಸಾಕು.