ರಾಗಿ ತೆನೆ ಬರುವಾಗ ಬೆಂಕಿ ರೋಗ: ಔಷಧಿ ಯಾವಾಗ ಹೊಡೆಯಬೇಕು?

ಬೆಂಕಿ ರೋಗ ಬಂದು ರಾಗಿ ತೆನೆಯ ಕುತ್ತಿಗೆ, ಅಂದರೆ ತೆನೆಯ ಬುಡದ ದಂಟು, ಕಪ್ಪಾದ ಮೇಲೆ ಏನು ಹೊಡೆದರೂ ಆ ತೆನೆ ಉಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಔಷಧಿ ಅಂಗಡಿಗೆ ಓಡುವುದೇ ಆವಾಗ. ಈ ರೋಗ ತರುವ ಶಿಲೀಂಧ್ರ ಕುತ್ತಿಗೆಯೊಳಗೆ ಇಳಿದರೆ ಕಾಳಿಗೆ ಹೋಗುವ ಆಹಾರ ಅಲ್ಲೇ ನಿಂತುಹೋಗುತ್ತದೆ, ಮೇಲಿನ ಇಲುಕೆಲ್ಲ (ತೆನೆಯ ಬೆರಳುಗಳು) ಜೊಳ್ಳಾಗುತ್ತದೆ, ಕೆಲವು ತೆನೆ ಮುರಿದು ಜೋತುಬೀಳುತ್ತವೆ.

ಹಾಗಾಗಿ ಹೊಡೆ ಬಿಚ್ಚುವ ಮುಂಚೆಯೇ, ಅಂದರೆ ತೆನೆ ಹೊರಬರುವ ಮೊದಲೇ, ಹೊಲ ನೋಡಿ. ಬದುವಿನ ಮೇಲೆ ನಿಂತು ನೋಡಿದರೆ ಸಾಲದು, ಒಳಗಿಳಿದು ನಾಲ್ಕೈದು ಕಡೆ ಎಲೆ ಹಿಡಿದು ನೋಡಬೇಕು. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಅಂಚು ಕಂದು, ಇಂಥ ಚುಕ್ಕೆ ಕಂಡರೆ ರೋಗ ಆಗಲೇ ಹೊಲದಲ್ಲಿದೆ. ಆಮೇಲೆ ಆಕಾಶ ನೋಡಿ. ಜುಲೈನಲ್ಲಿ ಬಿತ್ತಿದ ರಾಗಿ ಉತ್ತರೆ, ಹಸ್ತ ಮಳೆ ಹೊತ್ತಿಗೆ ತೆನೆಗೆ ಬರುತ್ತದೆ ಅಲ್ವಾ? ಒಂದು ಜೋರು ಮಳೆ ಬಂದು ಬಿಸಿಲು ಬಿದ್ದರೆ ಅಷ್ಟು ಭಯವಿಲ್ಲ. ಮೋಡ ಮುಚ್ಚಿಕೊಂಡು, ಸೋನೆ ಹಿಡಿದು, ಹೊತ್ತೇರಿದರೂ ಎಲೆ ಮೇಲಿನ ನೀರು ಆರದೆ, 25ರಿಂದ 30 ಡಿಗ್ರಿ ಉಷ್ಣಾಂಶ ಇದ್ದರೆ ಮಾತ್ರ ಕಾಯಬೇಡಿ.

ಅರ್ಧದಷ್ಟು ತೆನೆ ಹೊರಬಂದಾಗ ಒಂದು ಸಲ, ವಾತಾವರಣ ಹಾಗೇ ಇದ್ದರೆ ಹತ್ತು ದಿನ ಬಿಟ್ಟು ಇನ್ನೊಂದು ಸಲ ಸಿಂಪಡಿಸಿ. ಸಾಮಾನ್ಯವಾಗಿ ಹೇಳುವುದು ಲೀಟರ್ ನೀರಿಗೆ ಕಾರ್ಬೆಂಡಜಿಮ್ 1 ಗ್ರಾಂ ಅಥವಾ ಟ್ರೈಸೈಕ್ಲಜೋಲ್ 0.6 ಗ್ರಾಂ. ಕೊಳ್ಳುವ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಈಗಿನ ಶಿಫಾರಸು ಏನು ಅಂತ ಕೇಳಿಕೊಳ್ಳಿ, ಸುಮ್ನೆ ಅಂಗಡಿಯವರು ಕೊಟ್ಟದ್ದನ್ನೆಲ್ಲ ಬೆರೆಸಬೇಡಿ. ಇಬ್ಬನಿ ಆರಿದ ಮೇಲೆ, ಗಾಳಿ ಇಲ್ಲದ ಹೊತ್ತಿನಲ್ಲಿ, ತೆನೆ ಮತ್ತು ಕುತ್ತಿಗೆ ಚೆನ್ನಾಗಿ ನೆನೆಯುವ ಹಾಗೆ ಹೊಡೆಯಿರಿ. ಮೂಗು ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ. ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಅಲ್ಲಿವರೆಗೂ ಆ ಹೊಲದ ಹಸಿ ಮೇವು ದನಗಳಿಗೆ ಹಾಕಬೇಡಿ.

ಪೈರು ಕಡು ಹಸಿರಾಗಲಿ ಅಂತ ಈ ಹೊತ್ತಿನಲ್ಲಿ ಯೂರಿಯಾ ಎರಚುವವರಿದ್ದಾರೆ. ದಯವಿಟ್ಟು ಬೇಡ, ಸಾರಜನಕ ಜಾಸ್ತಿಯಾದಷ್ಟೂ ಬೆಂಕಿ ರೋಗಕ್ಕೆ ಅನುಕೂಲ.

ನನ್ನ ಪ್ರಕಾರ ಔಷಧಿಗಿಂತ ತಳಿಯೇ ಮುಖ್ಯ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಪಿಯು-28, ಎಂಎಲ್-365 ತಳಿಗಳು ಈ ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ರೋಗ ಬಿದ್ದ ಹೊಲದ ಕಾಳನ್ನು ಬಿತ್ತನೆಗೆ ಇಡಬೇಡಿ, ಶಿಲೀಂಧ್ರ ಬೀಜದಲ್ಲೂ ಉಳಿಯುತ್ತದೆ. ಬೇರೆ ಬೀಜ ತಂದರೂ ಕೆಜಿಗೆ 2 ಗ್ರಾಂ ಕಾರ್ಬೆಂಡಜಿಮ್ ಲೇಪಿಸಿಯೇ ಬಿತ್ತಿ.