ಓಮ್ನಿಯ ಗೇರ್‌ಬಾಕ್ಸಿಗೆ ಮೋಟಾರ್ ಜೋಡಿಸಿದ ಬಗೆ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟಕ್ಕೆ ಹಳೇ ಮಾರುತಿ ಓಮ್ನಿಯನ್ನು ಎಲೆಕ್ಟ್ರಿಕ್ ಮಾಡಿಕೊಟ್ಟೆ. ಗೊನೆ, ಗೊಬ್ಬರ ಹೊತ್ತು ತೋಟದೊಳಗಿನ ಏರು ಹತ್ತುವುದಷ್ಟೇ ಅದರ ಕೆಲಸ. ರಸ್ತೆಗೆ ಇಳಿಸುವುದಾದರೆ ಎಐಎಸ್-123 ಎಂಬ ವಾಹನ ಮಾನದಂಡದ ಪ್ರಕಾರ ಒಪ್ಪಿಗೆ ಪಡೆದ ಕಿಟ್ಟೇ ಬೇಕು, ಆರ್‌ಟಿಒ ದಾಖಲೆಯೂ ಆಗಬೇಕು.

ಗೇರ್‌ಬಾಕ್ಸ್ ಉಳಿಸಿಕೊಂಡೆ, ಕ್ಲಚ್ ತೆಗೆದೆ. ನಮ್ಮ ಮಲೆನಾಡಿನ ಏರಿಗೆ ಒಂದನೇ ಗೇರ್ ಇದ್ದರೆ ಚಿಕ್ಕ ಮೋಟಾರೂ ಕಡಿಮೆ ಕರೆಂಟಿನಲ್ಲಿ ಎಳೆಯುತ್ತದೆ, ಜಾಸ್ತಿ ಬಿಸಿಯಾಗುವುದಿಲ್ಲ. ಲೇತ್ ಕೆಲಸದವರಿಗೆ ಇಲ್ಲಿ ಎರಡೇ ಭಾಗ: ಮೋಟಾರನ್ನು ಗೇರ್‌ಬಾಕ್ಸಿಗೆ ಕೂರಿಸುವ ಅಡಾಪ್ಟರ್ ಪ್ಲೇಟ್ ಮತ್ತು ಎರಡರ ಶಾಫ್ಟ್‌ಗಳನ್ನು ಸೇರಿಸುವ ಕಪ್ಲರ್. ಎರಡಕ್ಕೂ ಸೆಂಟರ್ ಒಂದೇ ಆಗಿರಬೇಕು. ಅದು ತಪ್ಪಿದರೆ ಮೊದಲು ಸದ್ದು ಬರುತ್ತದೆ, ಆಮೇಲೆ ಬೇರಿಂಗ್ ಹೋಗುತ್ತದೆ.

ಬೆಲ್ ಹೌಸಿಂಗಿನ, ಅಂದರೆ ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚದ, ಅಚ್ಚನ್ನು ಕಾಗದದ ಮೇಲೆ ತೆಗೆದು ತೂತು ಕೊರೆಯುವವರಿದ್ದಾರೆ. ಬೋಲ್ಟೇನೋ ಕೂರುತ್ತದೆ. ಆದರೆ ಬೋಲ್ಟಿನ ತೂತಿನಲ್ಲಿ ಸಡಿಲ ಇದ್ದೇ ಇರುತ್ತದೆ, ಅಲ್ವಾ? ಸೆಂಟರ್ ಹಿಡಿದಿಡುವುದು ಸಡಿಲವಿಲ್ಲದೆ ಕೂರುವ ಡೋವೆಲ್ ಪಿನ್.

ಹಾಗಾಗಿ ಗೇರ್‌ಬಾಕ್ಸ್ ಬಿಚ್ಚಿ, ಖಾಲಿ ಕೇಸನ್ನು ಮಿಲ್ಲಿಂಗ್ ಮಷಿನ್ನಿನ ಟೇಬಲ್ಲಿಗೆ ಕಟ್ಟಿದೆ. ಸ್ಪಿಂಡಲ್ಲಿಗೆ ಡಯಲ್ ಗೇಜ್ (ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಗೋಲು) ಹಾಕಿ, ಇನ್‌ಪುಟ್ ಶಾಫ್ಟಿನ (ಗೇರ್‌ಬಾಕ್ಸಿನೊಳಗೆ ತಿರುಗುವಿಕೆ ಒಯ್ಯುವ ಶಾಫ್ಟ್) ಬೇರಿಂಗ್ ಕೂರುವ ಬೋರಿನೊಳಗೆ ಸುತ್ತಿಸಿದೆ. ಮುಳ್ಳು ಅಲ್ಲಾಡದೆ ನಿಂತ ಮೇಲೆ ಅದೇ ಜಾಗವನ್ನು ಸೊನ್ನೆ ಮಾಡಿಕೊಂಡೆ. ಅಲ್ಲಿಂದ ಎರಡು ಡೋವೆಲ್ ತೂತುಗಳ ಅಳತೆ ಬರೆದುಕೊಂಡೆ. ಆಮೇಲೆ 20 ಎಂಎಂ ದಪ್ಪದ 6061 ದರ್ಜೆಯ ಅಲ್ಯೂಮಿನಿಯಂ ಪ್ಲೇಟ್ ಕಟ್ಟಿ, ಆ ಅಳತೆಗೆ ಡೋವೆಲ್ ತೂತು, ಸೊನ್ನೆಯಲ್ಲಿ ಮೋಟಾರಿನ ಗೂಡು, ಎಲ್ಲವನ್ನೂ ಪ್ಲೇಟ್ ಬಿಚ್ಚದೆ ಒಂದೇ ಸೆಟ್ಟಿಂಗಿನಲ್ಲಿ ಮುಗಿಸಿದೆ. ಮೋಟಾರ್ ಕಡೆಯ ಮುಖ ಮೇಲಿರಲಿ. ಪ್ಲೇಟ್ ಮಗುಚಿ ಕಟ್ಟಿದರೆ ಎಡ ಬಲ ಅದಲುಬದಲಾಗುತ್ತದೆ.

ನನ್ನ ಮೋಟಾರ್ ಐಇಸಿ 112 ಫ್ರೇಮಿನದು, ಅಂದರೆ ಅಂತರರಾಷ್ಟ್ರೀಯ ಮಾನದಂಡದ ಒಂದು ಅಳತೆಯದು. ಅದರ ಫ್ಲೇಂಜಿನ (ಬೋಲ್ಟ್ ಹಾಕುವ ಮುಂಭಾಗದ ತಟ್ಟೆ) ನಡುವಿನ ಉಬ್ಬಿನ ವ್ಯಾಸ 180 ಎಂಎಂ, ಬೋಲ್ಟ್ ವೃತ್ತ 215 ಎಂಎಂ, ಶಾಫ್ಟ್ 28 ಎಂಎಂ, ಕೀ 8 ಎಂಎಂ. ಉಬ್ಬು 4 ಎಂಎಂ ಎತ್ತರ ಇರುವುದರಿಂದ ಗೂಡನ್ನು 5 ಎಂಎಂ ಆಳಕ್ಕೆ ಬೋರ್ ಮಾಡಿದೆ. ಪ್ಲೇಟಿನ ಎಂ12 ಬೋಲ್ಟ್ ತೂತುಗಳಿಗೆ ಹೆಲಿಕಾಯಿಲ್ (ಥ್ರೆಡ್ ಆಗಿ ಕೂರುವ ಸ್ಟೀಲ್ ತಂತಿಯ ಸುರುಳಿ) ಹಾಕಿದೆ. ಬರೀ ಅಲ್ಯೂಮಿನಿಯಂ ಥ್ರೆಡ್ ನಾಲ್ಕು ಸಲ ಬಿಚ್ಚಿ ಬಿಗಿ ಮಾಡಿದರೆ ಕಿತ್ತು ಬರುತ್ತದೆ.

ಕಪ್ಲರ್ ನನಗೆ ತುಂಬಾ ಇಷ್ಟದ ಕೆಲಸ. ಒಳಗಿನ ಸ್ಪ್ಲೈನ್ (ಶಾಫ್ಟಿನ ಹಲ್ಲುಗಳು ಕೂರುವ ಉದ್ದುದ್ದದ ಗೀರುಗಳು) ಹೊಸದಾಗಿ ಕಡಿಯುವುದು ದುಬಾರಿ. ಹಳೇ ಕ್ಲಚ್ ಪ್ಲೇಟಿನ ನಡುವಿನ ಹಬ್ಬಿನಲ್ಲಿ ಕಂಪನಿಯದೇ ಸ್ಪ್ಲೈನ್ ಇದೆ. ರಿವೆಟ್ ಹಾರಿಸಿ ಅದನ್ನು ಬಿಡಿಸಿಕೊಂಡೆ. ಗುಜರಿಯಿಂದ ತಂದ ಇನ್‌ಪುಟ್ ಶಾಫ್ಟನ್ನು ಲೇತಿನ ಎರಡು ಸೆಂಟರ್ ಮೊನೆಗಳ ನಡುವೆ ಕಟ್ಟಿ, ಹಬ್ಬನ್ನು ಅದರ ಮೇಲೆ ಬಿಗಿಯಾಗಿ ಕೂರಿಸಿ ಹೊರಮೈ ಟರ್ನ್ ಮಾಡಿದೆ. ಈಗ ಹೊರಮೈ ಸ್ಪ್ಲೈನಿನ ಸೆಂಟರಿಗೇ ಸುತ್ತುತ್ತದೆ.

ಕಪ್ಲರಿಗೆ ತೆಗೆದುಕೊಂಡ ಇಎನ್8 ದರ್ಜೆಯ ಸ್ಟೀಲಿನ ದುಂಡು ತುಂಡಿನಲ್ಲಿ ಹಬ್ಬಿನ ಗೂಡು, ಇನ್‌ಪುಟ್ ಶಾಫ್ಟಿನ ಮೂತಿಗೆ ಗನ್‌ಮೆಟಲ್ ಬುಶ್ ಕೂರುವ ಜಾಗ, ಮೋಟಾರ್ ಶಾಫ್ಟಿನ 28 ಎಂಎಂ ತೂತು, ಮೂರನ್ನೂ ಒಂದೇ ಸಲ ಲೇತಿನ ಚಕ್‌ಗೆ ಕಟ್ಟಿ ಬೋರ್ ಮಾಡಿದೆ. ಹಬ್ಬಿನ ಗೂಡು ಹಬ್ಬಿಗಿಂತ 0.05 ಎಂಎಂ ಚಿಕ್ಕದು. ಕಪ್ಲರ್ ಕಾಯಿಸಿದಾಗ ಹಬ್ ತಾನೇ ಇಳಿಯಿತು. ತಣ್ಣಗಾದ ಮೇಲೆ ಅಡ್ಡ ಪಿನ್ ಹೊಡೆದೆ. ವೆಲ್ಡಿಂಗ್ ಮಾಡಲಿಲ್ಲ, ಆ ಬಿಸಿಗೆ ಹಬ್ ಸೊಟ್ಟಗಾಗುತ್ತದೆ.

ಜೋಡಿಸುವಾಗ ಎರಡು ಶಾಫ್ಟ್‌ಗಳ ತುದಿಯ ನಡುವೆ 2 ಎಂಎಂ ಸಂದು ಬಿಟ್ಟೆ. ಒತ್ತಿಕೊಂಡರೆ ಮೋಟಾರಿನ ಬೇರಿಂಗ್ ಉಳಿಯುವುದಿಲ್ಲ. ಗೇರ್‌ಬಾಕ್ಸ್ ಹಾಕುವ ಮೊದಲು ಡಯಲ್ ಗೇಜನ್ನು ಪ್ಲೇಟಿಗೆ ಕಚ್ಚಿಸಿ, ಮೋಟಾರನ್ನು ಕೈಯಲ್ಲಿ ಸುತ್ತಿಸುತ್ತಾ ಬುಶ್ಶಿನ ಒಳಮೈ ನೋಡಿ. ಮುಳ್ಳಿನ ಓಡಾಟ 0.05 ಎಂಎಂ ದಾಟಿದರೆ ನಾನು ಮುಂದೆ ಹೋಗುವುದಿಲ್ಲ.

ನಮ್ಮ ಕಡೆ ಮಳೆಯ ಲೆಕ್ಕವನ್ನೂ ಹಾಕಬೇಕು. ಬೆಲ್ ಹೌಸಿಂಗಿನ ತಳದಲ್ಲಿ ನೀರು ಇಳಿಯಲು ದಾರಿ ಬಿಡಿ. ಸ್ಪ್ಲೈನಿಗೆ ಮಾಲಿಬ್ಡಿನಂ ಗ್ರೀಸ್ ಹಚ್ಚಿ. ಮಳೆಗಾಲ ಕಳೆದ ಮೇಲೆ ಬಿಚ್ಚಿದಾಗ ಹಲ್ಲುಗಳ ಮೇಲೆ ಕೆಂಗಂದು ಪುಡಿ ಕಂಡರೆ ಗ್ರೀಸ್ ಒಣಗಿದೆ, ಇಲ್ಲವೇ ಸೆಂಟರ್ ತಪ್ಪಿದೆ. ಮತ್ತೆ ಗ್ರೀಸ್ ಹಚ್ಚುವ ಮೊದಲು ಡಯಲ್ ಗೇಜ್ ಹಿಡಿದು ನೋಡಿ.